ಯುವಕರ ಸಹಕಾರ ಸಂಘ: ಸಂಘಟಕರ ಕೆಲಸ ಯಾವುದು, ಯಾವುದಲ್ಲ

ಕೇಳುಗರಿಗೆ ನಮಸ್ಕಾರ.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಇಂಥ ನಾಡಿನಲ್ಲಿ ಇವತ್ತು ಊರಿನ ಹುಡುಗ ಹುಡುಗಿಯರು ಕೂಡಿ ಕೃಷಿ ಯಂತ್ರ ಬಾಡಿಗೆಗೆ ಕೊಡುವ ಸಂಘ ಕಟ್ಟಲು ಹೊರಟರೆ, ಬೆನ್ನಿಗೆ ನಿಲ್ಲುವ ಸಂಘಟಕರು ಏನು ಮಾಡಬೇಕು?

ಮೊದಲನೆಯದು, ನೋಂದಣಿಗೆ ಅವಸರ ಬೇಡ. ಒಂದು ಹಂಗಾಮು ಬೇರೆಯವರ ಯಂತ್ರ ತಂದೇ ಕೆಲಸ ನಡೆಸಲಿ. ಯಾರು ಹೊತ್ತಿಗೆ ಸರಿಯಾಗಿ ಬರುತ್ತಾರೆ, ಯಾರು ಅಂದಿನ ಲೆಕ್ಕ ಅಂದೇ ಒಪ್ಪಿಸುತ್ತಾರೆ ಎಂಬುದು ಬಿತ್ತನೆಯ ಗಡಿಬಿಡಿಯಲ್ಲೇ ಗೊತ್ತಾಗುವುದು. ಆಮೇಲೆ ನೋಂದಣಿಯ ಕೆಲಸಕ್ಕೆ ಮುಂದೆ ನಿಲ್ಲುವ ಮುಖ್ಯ ಪ್ರವರ್ತಕರನ್ನು ಆರಿಸಿಕೊಳ್ಳಲಿ. 1959ರ ಸಹಕಾರ ಸಂಘಗಳ ಕಾಯ್ದೆಯೋ, ಸರ್ಕಾರದ ಹಿಡಿತ ಕಡಿಮೆಯಿರುವ 1997ರ ಸೌಹಾರ್ದ ಕಾಯ್ದೆಯೋ, ಓದಿ ಚರ್ಚಿಸಿ ಅವರೇ ತೀರ್ಮಾನಿಸಲಿ. ಬೈಲಾವನ್ನು, ಅಂದರೆ ಸಂಘದ ನಿಯಮಾವಳಿಯನ್ನು, ಮಾತ್ರ ಪಕ್ಕದ ಸಂಘದಿಂದ ನಕಲು ಮಾಡಬೇಡಿ. ಉದ್ದೇಶಗಳ ಪಟ್ಟಿಯಲ್ಲಿ ಯಂತ್ರ ಬಾಡಿಗೆ ಬಿಟ್ಟುಹೋದರೆ ಸರ್ವಸದಸ್ಯರ ಸಭೆ ಕರೆದು ತಿದ್ದುಪಡಿ ಮಾಡಿಸಿ, ಮತ್ತೆ ಇಲಾಖೆಗೆ ಅಲೆಯಬೇಕಾಗುತ್ತದೆ.

ಇಂಥ ಸಂಘಗಳು ಎಡವುವುದು ಬಾಡಿಗೆ ದರದಲ್ಲಿ. ಮಣ್ಣು ಹದಮಾಡುವ ಒಂದು ರೋಟಾವೇಟರ್ ಬೆಲೆ 1,20,000 ರೂಪಾಯಿ ಎಂದುಕೊಳ್ಳೋಣ. ಐದು ವರ್ಷ ಬಾಳಿಕೆ, ವರ್ಷಕ್ಕೆ 300 ಗಂಟೆ ಕೆಲಸ ಎಂದರೆ ಒಟ್ಟು 1,500 ಗಂಟೆ. ಗಂಟೆಗೆ 80 ರೂಪಾಯಿ ಬರೀ ಸವಕಳಿ, ಅಂದರೆ ಯಂತ್ರ ಸವೆದು ಕರಗುವ ಬೆಲೆ! ಬ್ಲೇಡು, ಬೇರಿಂಗು, ಗೇರ್ ಆಯಿಲ್ ಖರ್ಚು ಬೇರೆ. ಡೀಸೆಲ್, ಚಾಲಕನ ಕೂಲಿ ಕಳೆದು ಮಿಕ್ಕಿದ್ದೆಲ್ಲ ಲಾಭವೆಂದು ಹಂಚಿಕೊಂಡ ಸಂಘದ ಹತ್ತಿರ ಬ್ಲೇಡು ಸವೆದಾಗ ಹೊಸದು ತರಲು, ಯಂತ್ರ ಹಳತಾದಾಗ ಬದಲಿಸಲು ದುಡ್ಡಿರುವುದಿಲ್ಲ. ಆ 80 ರೂಪಾಯಿ ಪ್ರತಿ ವಾರ ಬೇರೆ ಖಾತೆಗೆ ಬೀಳಲೇಬೇಕು. 1959ರ ಕಾಯ್ದೆಯಡಿ ನಿವ್ವಳ ಲಾಭದ ಶೇ. 25ರಷ್ಟನ್ನು ಕಷ್ಟಕಾಲಕ್ಕೆಂದು ಕಾದಿಡುವ ಆಪದ್ಧನ ನಿಧಿಗೆ ಇಡಬೇಕು. ಆ ನಿಧಿ ಈ ಸವಕಳಿ ಖಾತೆಗೆ ಬದಲಿಯಲ್ಲ.

ಇನ್ನು ಉದ್ರಿ. ಬಂಧುಗಳೇ ಗಿರಾಕಿಗಳಾದಾಗ ಹುಡುಗರಿಗೆ ಬಾಯಿಬಿಟ್ಟು ಕೇಳುವುದು ಕಷ್ಟ. ಅದಕ್ಕೇ ನಕಲು ಪ್ರತಿ ಉಳಿಯುವ ರಸೀದಿ ಪುಸ್ತಕ ಟ್ರ್ಯಾಕ್ಟರಿನಲ್ಲೇ ಇರಲಿ. ಕೆಲಸ ಶುರುವಾದಾಗಿನ ಮೀಟರ್ ಅಂಕಿ, ಮುಗಿದಾಗಿನ ಅಂಕಿ, ದರ, ಬಾಕಿ ಬರೆದು ಹೊಲದ ಬದುವಿನಲ್ಲೇ ರೈತರ ಸಹಿ ಹಾಕಿಸಬೇಕು. ಬಾಕಿಯವರ ಪಟ್ಟಿಯನ್ನು ತಿಂಗಳ ಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಅದರಲ್ಲಿ ಅಧ್ಯಕ್ಷರ ಮಾವನ ಹೆಸರಿದ್ದರೂ ಸರಿ.

ಸಂಘಟಕರು ಚೆಕ್ಕಿಗೆ ಸಹಿ ಹಾಕಬಾರದು, ಸಭೆಯ ನಿರ್ಣಯ ದಾಖಲಿಸುವ ನಡಾವಳಿ ಪುಸ್ತಕ ಬರೆಯಬಾರದು. ತಪ್ಪು ತಪ್ಪಾದರೂ ಸದಸ್ಯರೇ ಬರೆಯಲಿ, ತಿದ್ದಲು ಪಕ್ಕದಲ್ಲಿ ಕೂತಿರಿ. ಲೆಕ್ಕ ಬಲ್ಲ ಒಬ್ಬರೇ ಒಬ್ಬರು ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಸಂಘ ನಿಂತೇಹೋಗುತ್ತದೆ. ಆದ್ದರಿಂದ ನಗದು ಪುಸ್ತಕವನ್ನು ಇಬ್ಬರು ತಿಂಗಳಿಗೊಬ್ಬರಂತೆ ಬರೆಯಲಿ. ಹಸ್ತಾಂತರದ ದಿನ ಕೈಯಲ್ಲಿರುವ ನಗದು, ಪಾಸ್‌ಬುಕ್ಕಿನ ಶಿಲ್ಕು, ಬಿಡಿಭಾಗಗಳ ಎಣಿಕೆ, ಮೂರನ್ನೂ ತಾಳೆ ನೋಡಿ ಇಬ್ಬರೂ ಸಹಿ ಮಾಡಲಿ.

ನಮಸ್ಕಾರ.