ಅಳಿಸುವ ಮೊದಲು

ಕೇಳುಗರೇ, ನಮಸ್ಕಾರ.

ನಮ್ಮ ಬೀದಿಯಲ್ಲಿ ಬ್ಲೌಸ್ ಹೊಲಿಯುವ ಅಕ್ಕ ಒಬ್ಬರಿದ್ದಾರೆ. ಹೊಸ ಡಿಸೈನ್ ಹೊಲಿದಾಗಲೆಲ್ಲ ವಾಟ್ಸಾಪ್ ಸ್ಟೇಟಸ್‌ಗೆ ಹಾಕುತ್ತಾರೆ. ಅಂಗಡಿಯ ಬೋರ್ಡಿನ ಮೇಲೆ ಅವರದೇ ನಂಬರ್. ಒಂದು ರಾತ್ರಿ ಯಾರೋ ಗೊತ್ತಿಲ್ಲದವನಿಂದ ಕೊಳಕು ಮೆಸೇಜ್ ಬಂತು. ಮರುದಿನ ಇನ್ನೊಂದು. ಆಮೇಲೆ ನೋಡಬಾರದ ಫೋಟೋಗಳು. ಅಕ್ಕ ಎಲ್ಲವನ್ನೂ ಡಿಲೀಟ್ ಮಾಡಿದರು. ಡಿಪಿಯಿಂದ ತಮ್ಮ ಮುಖ ತೆಗೆದು ದಾಸವಾಳದ ಹೂ ಹಾಕಿದರು.

ನನಗೆ ಹೇಳಿದ್ದು ಒಂದು ತಿಂಗಳಾದ ಮೇಲೆ. ಸೀರೆಗೆ ಫಾಲ್ ಹಚ್ಚುತ್ತಾ, ತಲೆ ಎತ್ತದೆ. "ನಮ್ಮನೆಯವರಿಗೆ ಗೊತ್ತಾದರೆ ಫೋನೇ ಬೇಡ ಅಂತಾರೆ. ಫೋನಿಲ್ಲದೆ ಗಿರಾಕಿಗಳು ಎಲ್ಲಿಂದ ಬರ್ತಾರೆ?"

ಎಷ್ಟೋ ಮನೆಗಳಲ್ಲಿ ಹೀಗೇ ಅಲ್ವಾ? ಮೆಸೇಜ್ ಕಳಿಸಿದವನಿಗಿಂತ 'ನೀನ್ಯಾಕೆ ಫೋಟೋ ಹಾಕಿದೆ' ಅನ್ನುವ ಪ್ರಶ್ನೆಗೇ ಹೆಣ್ಣುಮಕ್ಕಳು ಜಾಸ್ತಿ ಹೆದರುತ್ತಾರೆ. ಅಪ್ಪಂದಿರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯ ಹುಡುಗಿ ಫೋನ್ ತಂದು ತೋರಿಸಿದರೆ ದಯವಿಟ್ಟು ಕಿತ್ತುಕೊಳ್ಳಬೇಡಿ. ಪಕ್ಕದಲ್ಲಿ ಕೂತು ನೋಡಿ.

ಅಕ್ಕತಂಗಿಯರೇ, ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ನಂಬರ್, ತಾರೀಖು, ಸಮಯ ಕಾಣಬೇಕು. ಇನ್‌ಸ್ಟಾಗ್ರಾಂ ಆದರೆ ಅವನ ಖಾತೆಯ ಲಿಂಕನ್ನೂ ಉಳಿಸಿಕೊಳ್ಳಿ, ಹೆಸರು ಬದಲಿಸುವುದು ಅವನಿಗೆ ಕ್ಷಣದ ಕೆಲಸ. ಬ್ಲಾಕ್ ಮಾಡುವುದು ಆಮೇಲೆ. ಬೇಡವೆಂದರೂ ಹೆಣ್ಣಿನ ಬೆನ್ನು ಬೀಳುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನ ಪ್ರಕಾರ ಅಪರಾಧ. ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲಾಗಬಹುದು. ದೂರು ಕೊಡಲು ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗಳಿವೆ. ಅಶ್ಲೀಲ ಚಿತ್ರ, ವಿಡಿಯೊ ಹರಿದಾಡುತ್ತಿದ್ದರೆ ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ತಿಳಿಸಬಹುದು.

ನಿಮ್ಮ ಖಾಸಗಿ ಫೋಟೋ ಹಂಚುತ್ತೇನೆಂದು ಯಾರಾದರೂ ಬೆದರಿಸಿದರೆ 'ಸ್ಟಾಪ್‌ ಎನ್‌ಸಿಐಐ' ಎಂಬ ಉಚಿತ ತಾಣವಿದೆ. ಫೋಟೋ ನಿಮ್ಮ ಫೋನ್ ಬಿಟ್ಟು ಹೋಗುವುದಿಲ್ಲ. ಅದರ ಗುರುತಿನ ಸಂಕೇತ ಮಾತ್ರ ಹೋಗುತ್ತದೆ. ಅದೇ ಫೋಟೋವನ್ನು ಯಾರಾದರೂ ಹಾಕಿದರೆ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಂಪನಿಗಳು ಆ ಸಂಕೇತದಿಂದ ಗುರುತು ಹಿಡಿದು ತಡೆಯುತ್ತವೆ. ಹಣ ಮಾತ್ರ ಕೊಡಬೇಡಿ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ.

ನಮ್ಮ ಅಕ್ಕ ಕೊನೆಗೆ ನಾದಿನಿಯನ್ನು ಜೊತೆಗೆ ಕರೆದುಕೊಂಡು ಠಾಣೆಗೆ ಹೋದರು. ಮೊದಲ ತಿಂಗಳ ಮೆಸೇಜ್ ಒಂದೂ ಉಳಿದಿರಲಿಲ್ಲ. ಆಮೇಲೆ ಬಂದವನ್ನೇ ತೋರಿಸಿ ದೂರು ಬರೆದುಕೊಟ್ಟರು. ಡಿಪಿಯಲ್ಲಿ ಇನ್ನೂ ದಾಸವಾಳವೇ ಇದೆ. ಬದಲಿಸಿ ಅಂತ ನಾನು ಕೇಳಿಲ್ಲ. ಅವರಿಗೆ ಯಾವಾಗ ಅನಿಸುತ್ತದೋ ಆಗ.

ನಮಸ್ಕಾರ.