ಬಿಲ್ಲು ಏರುವುದು ಬಚ್ಚಲಮನೆಯಲ್ಲಿ

ಅಕ್ಕಂದಿರೇ, ಅಣ್ಣಂದಿರೇ, ನಮಸ್ಕಾರ.

ಕೋಲಾರದವರಿಗೆ ಕರೆಂಟು ಹೊಸದಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ನಮ್ಮ ಚಿನ್ನದ ಗಣಿಗೆ ಬಂತು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಆಮೇಲೆ, 1905ರಲ್ಲಿ. ಆದರೆ ಅದು ಗಣಿ ಯಂತ್ರಗಳ ಕರೆಂಟು. ಇವತ್ತಿನ ಮಾತು ಮನೆ ಕರೆಂಟಿನದು.

ಬರುವಾಗ ಬಾಗಿಲಲ್ಲೇ ಒಬ್ಬರು ಕೇಳಿದರು: "ಗೃಹಜ್ಯೋತಿ ಇದೆಯಲ್ಲ ಸಾರ್, ಇನ್ನು ಉಳಿಸೋದು ಯಾಕೆ?" ನ್ಯಾಯವಾದ ಪ್ರಶ್ನೆ. ಆದರೆ ಸರ್ಕಾರದ ಈ ಉಚಿತ ಕರೆಂಟ್ ಯೋಜನೆಯಲ್ಲಿ 200 ಯೂನಿಟ್ ಎಲ್ಲರಿಗೂ ಫ್ರೀ ಅಲ್ಲ. 2022–23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅಷ್ಟು, ಜೊತೆಗೆ ಶೇಕಡಾ 10. ಸರಾಸರಿ 48ಕ್ಕಿಂತ ಕಡಿಮೆ ಇದ್ದವರಿಗೆ ಮಾತ್ರ ನೇರವಾಗಿ 10 ಯೂನಿಟ್ ಜಾಸ್ತಿ. ಸರಾಸರಿ 70 ಇದ್ದ ಮನೆಗೆ 77 ಯೂನಿಟ್. ಈ ತಿಂಗಳು 95 ಬಳಸಿದರೆ ಮಿಕ್ಕ 18ಕ್ಕೆ ದುಡ್ಡು ಕಟ್ಟಬೇಕು. ಅಕಸ್ಮಾತ್ 200 ದಾಟಿತೋ, ಪೂರ್ತಿ ಬಿಲ್ಲು ತಲೆ ಮೇಲೆ ಬೀಳುತ್ತದೆ.

ಹಾಗಾದರೆ ಎಲ್ಲಿ ಹಿಡಿಯಬೇಕು? ಮಕ್ಕಳು ಲೈಟ್ ಆರಿಸಲಿಲ್ಲ ಅಂತ ಮನೆಮನೆಯಲ್ಲೂ ಜಗಳ. ಒಂಬತ್ತು ವಾಟಿನ ಎಲ್‌ಇಡಿ ಬಲ್ಬು 100 ಗಂಟೆ ಉರಿದರೂ ಒಂದು ಯೂನಿಟ್ ಆಗುವುದಿಲ್ಲ. ಎರಡು ಸಾವಿರ ವಾಟಿನ ಗೀಸರ್ ಅಷ್ಟನ್ನು ಅರ್ಧ ಗಂಟೆಯಲ್ಲಿ ಕುಡಿದು ಹಾಕುತ್ತದೆ. ಬೈಯುವುದಿದ್ದರೆ ಗೀಸರ್ ಮರೆತವರನ್ನು ಬೈಯಿರಿ.

ಲೆಕ್ಕ ಹಾಕೋಣ. ಡಿಸೆಂಬರ್ ಬೆಳಗಿನ ಚಳಿಯಲ್ಲಿ 15 ಲೀಟರಿನ ಒಂದು ಬಕೆಟ್ ತಣ್ಣೀರನ್ನು ಸ್ನಾನದ ಹದಕ್ಕೆ ತರಲು ಸುಮಾರು 0.4 ಯೂನಿಟ್ ಬೇಕು. ನಾಲ್ಕು ಜನರ ಮನೆಗೆ ದಿನಕ್ಕೆ ಒಂದೂವರೆ ಯೂನಿಟ್, ತಿಂಗಳಿಗೆ 45ರ ಮೇಲೆ! ಆ 77ರಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಸ್ನಾನಕ್ಕೇ ಹೋಯಿತು. ಅದಕ್ಕೇ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ, ಸ್ವಿಚ್ ಆಫ್ ಮಾಡಿ. ಕುದಿಯೋ ಹಾಗೆ ಕಾಯಿಸಿ ಮತ್ತೆ ತಣ್ಣೀರು ಬೆರೆಸುವುದು ಯಾಕೆ? ತಾರಸಿ ಸ್ವಂತದ್ದಾಗಿದ್ದರೆ ಸೋಲಾರ್ ವಾಟರ್ ಹೀಟರ್‌ಗೆ ನನ್ನ ಮೊದಲ ಓಟು. ನಮ್ಮೂರಿನ ಬಿಸಿಲಿಗೆ ಅದು ಮೋಸ ಮಾಡುವುದು ಮಳೆಗಾಲದ ಮೋಡದ ದಿನಗಳಲ್ಲಿ ಮಾತ್ರ.

ಈಗ ಒಂದು ಕೆಲಸ ಹೇಳುತ್ತೇನೆ, ರಾತ್ರಿಯೇ ಮಾಡಿ. ನಿಮ್ಮ ಡಿಜಿಟಲ್ ಮೀಟರಿನಲ್ಲಿ ಒಂದು ಚಿಕ್ಕ ಕೆಂಪು ದೀಪ ಮಿನುಗುತ್ತಿರುತ್ತದೆ. ಪಕ್ಕದಲ್ಲಿ 1600 ಅಂತಲೋ 3200 ಅಂತಲೋ ಬರೆದಿರುತ್ತದೆ. ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್. ಮನೆಯ ಎಲ್ಲಾ ಸ್ವಿಚ್ ಆಫ್ ಮಾಡಿ, ಫ್ರಿಜ್ಜನ್ನೂ ಸ್ವಲ್ಪ ಹೊತ್ತು ನಿಲ್ಲಿಸಿ, ಅದನ್ನೇ ನೋಡುತ್ತಾ ನಿಂತುಕೊಳ್ಳಿ. ಐದು ನಿಮಿಷದಲ್ಲಿ ಎರಡು ಮೂರು ಸಲ ಮಿನುಗಿತೇ? ಹಾಗಾದರೆ ಏನೋ ಒಂದು ಕದ್ದು ತಿನ್ನುತ್ತಿದೆ. ರಿಮೋಟಿನಲ್ಲಿ ಆರಿಸಿದ ಟಿವಿ, ಸೆಟ್ ಟಾಪ್ ಬಾಕ್ಸ್ ಇರಬಹುದು. ಹತ್ತು ವಾಟ್ ಎಳೆಯುವ ಪೆಟ್ಟಿಗೆ ಹಗಲೂ ರಾತ್ರಿ ಹಾಗೇ ಇದ್ದರೆ ತಿಂಗಳಿಗೆ 7 ಯೂನಿಟ್. ಆಮೇಲೆ ಗೀಸರ್ ಹಾಕಿ ನೋಡಿ. 3200ರ ಮೀಟರಿನಲ್ಲಿ ಸೆಕೆಂಡಿಗೆ ಹತ್ತಿರ ಹತ್ತಿರ ಎರಡು ಸಲ ಮಿನುಗುತ್ತದೆ. ಭಾಷಣಕ್ಕಿಂತ ಅದೇ ವಾಸಿ. ವೈರಿಂಗ್ ಮಾತ್ರ ಮುಟ್ಟಬೇಡಿ.

ಇನ್ನು ಮೋಟ್ರು. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಒಂದು ಎಚ್‌ಪಿ ಮೋಟ್ರು ಗಂಟೆಗೆ ಸುಮಾರು ಒಂದು ಯೂನಿಟ್ ತಿನ್ನುತ್ತದೆ. ಟ್ಯಾಂಕ್ ತುಂಬಿ ರಸ್ತೆಗೆ ಹರಿದರೆ ಕರೆಂಟೂ ಹೋಯಿತು, ದುಡ್ಡು ಕೊಟ್ಟು ಹಾಕಿಸಿದ ಟ್ಯಾಂಕರ್ ನೀರೂ ಹೋಯಿತು. ಬೋರ್‌ವೆಲ್ ಸಾವಿರ ಅಡಿ ದಾಟುವ ಜಿಲ್ಲೆ ನಮ್ಮದು. ಟ್ಯಾಂಕ್ ತುಂಬಿದಾಗ ತಾನೇ ಆಫ್ ಆಗುವ ಸ್ವಿಚ್ ಹಾಕಿಸಿಬಿಡಿ.

ಫ್ಯಾನಿನದು ಬೇಗ ಹೇಳುತ್ತೇನೆ. ಹಳೇದು 75 ವಾಟ್, ಕಡಿಮೆ ಕರೆಂಟು ಎಳೆಯುವ ಹೊಸ ಬಗೆಯ ಬಿಎಲ್‌ಡಿಸಿ ಆದರೆ ಸುಮಾರು 30. ದಿನಕ್ಕೆ 15 ಗಂಟೆ ತಿರುಗಿದರೆ ತಿಂಗಳಿಗೆ 20 ಯೂನಿಟ್ ಉಳಿತಾಯ. ನಡುಮನೆಯಲ್ಲಿ ಸದಾ ತಿರುಗುವುದನ್ನು ಮೊದಲು ಬದಲಾಯಿಸಿ. ನೆಂಟರು ಬಂದಾಗ ಮಾತ್ರ ಹಾಕುವ ರೂಮಿನದು ಇರಲಿ ಬಿಡಿ. ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಎಳೆಯಿರಿ, ಸಲೀಸಾಗಿ ಜಾರಿ ಬಂದರೆ ರಬ್ಬರ್ ಸಡಿಲವಾಗಿದೆ ಅಂತ ತಿಳಿಯಿರಿ.

ಗ್ಯಾಸಿನದೂ ಇದೇ ಕಥೆ. ಒಮ್ಮೆ ಕುದಿ ಬಂದ ಮೇಲೆ ಉರಿ ಎಷ್ಟು ದೊಡ್ಡದಿಟ್ಟರೂ ನೀರಿನ ಬಿಸಿ ಏರುವುದಿಲ್ಲ, ಸುಮ್ನೆ ಆವಿ ಜಾಸ್ತಿ. ಮುದ್ದೆಗೆ ಎಸರಿಟ್ಟಾಗ ತಟ್ಟೆ ಮುಚ್ಚಿ. ಹುರುಳಿಕಾಳು ರಾತ್ರಿಯೇ ನೆನೆಸಿ. ಮೊದಲ ವಿಶಲ್ ಆದ ಮೇಲೆ ಉರಿ ಸಣ್ಣಗೆ ಮಾಡಿ. ಇದು ನಿಮಗೇ ನನಗಿಂತ ಚೆನ್ನಾಗಿ ಗೊತ್ತು, ಅಲ್ವಾ?

ಕಡೆಯದಾಗಿ ತಾರಸಿ ಮೇಲಿನ ಸೋಲಾರ್ ಕರೆಂಟು. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವಾಟಿಗೆ 60,000 ರೂಪಾಯಿ, ಮೂರು ಮತ್ತು ಅದಕ್ಕಿಂತ ಜಾಸ್ತಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಒಂದು ಕಿಲೋವಾಟಿಗೆ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಬರುತ್ತದೆ. ಆದರೂ ಎಲ್ಲರೂ ಹಾಕಿಸಿ ಅಂತ ನಾನು ಹೇಳುವುದಿಲ್ಲ. ಬಿಲ್ಲು ಸೊನ್ನೆ ಬರುವ ಮನೆಯವರು ಸಾಲ ಮಾಡಿ ಇದಕ್ಕೆ ಕೈ ಹಾಕಬೇಡಿ. ತಿಂಗಳು ತಿಂಗಳೂ 200 ದಾಟುವವರಿಗೆ ಇದು ಲಾಭ. ನೀವು ಯಾವ ಕಡೆಯವರು ಅಂತ ನಿಮ್ಮ ಬಿಲ್ಲೇ ಹೇಳುತ್ತದೆ. ಬಿಲ್ಲು ತಂದಿರುವವರು ಮುಂದೆ ಬನ್ನಿ, ಒಟ್ಟಿಗೆ ಕೂತು ನೋಡೋಣ.