ಮೊದಲು ನಮೂನೆ ಸಿ

ನಮಸ್ಕಾರ. ಅರಣ್ಯ ಹಕ್ಕು ಕಾಯ್ದೆ ಅಂದ ಕೂಡಲೇ ನಮ್ಮಲ್ಲಿ ಮಾತು ಶುರುವಾಗೋದೂ ಮುಗಿಯೋದೂ ಜಮೀನಿನ ಹಕ್ಕುಪತ್ರದಲ್ಲೇ. ಯಾರಿಗೆ ಎರಡೆಕರೆ ಸಿಕ್ತು, ಯಾರ ಅರ್ಜಿ ವಜಾ ಆಯ್ತು, ಇಷ್ಟೇ. ಉಳುವ ಭೂಮಿಯ ಹಕ್ಕು ದೊಡ್ಡದೇ. ಆದ್ರೆ ಒಂದು ಹಾಡಿ, ಒಂದು ಪೋಡು, ಅಂದ್ರೆ ಕಾಡಿನ ಬುಡಕಟ್ಟು ಜನರ ಒಂದು ವಸತಿ, ತನ್ನ ಕಾಡಿನ ಮೇಲೆ ಗಟ್ಟಿಯಾಗಿ ನಿಲ್ಲಬೇಕಂದ್ರೆ ಮೊದಲು ತುಂಬಬೇಕಾದ್ದು ನಮೂನೆ ಸಿ. ಇವತ್ತಿನ ನನ್ನ ವಾದ ಇದೇ.

2006ರ ಕಾಯ್ದೆಯಡಿ ಮೂರು ನಮೂನೆ ಇವೆ. ಎ ಅನ್ನೋದು ವೈಯಕ್ತಿಕ ಹಕ್ಕಿಗೆ: 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಸ್ವಾಧೀನದಲ್ಲಿರೋ ಭೂಮಿ, ಹೆಚ್ಚೆಂದರೆ 4 ಹೆಕ್ಟೇರ್. ಬಿ ಬಳಕೆಯ ಹಕ್ಕಿಗೆ: ಮೇವು, ಮೀನು, ಜೇನು, ನೆಲ್ಲಿ. ಸಿ ಅನ್ನೋದು ಸಮುದಾಯ ಅರಣ್ಯ ಸಂಪನ್ಮೂಲಕ್ಕೆ, ಅಂದ್ರೆ ಕಾಡನ್ನೇ ಕಾಯೋ, ಬೆಳೆಸೋ, ನಿರ್ವಹಿಸೋ ಹಕ್ಕಿಗೆ. ಬರೀ ಎ ಸಿಕ್ಕರೆ ಬೇಲಿಯ ಒಳಗಿನ ಹೊಲ ನಿಮ್ಮದು. ಬೇಲಿ ದಾಟಿದ ಕೂಡಲೇ ಮತ್ತೆ ಇನ್ನೊಬ್ಬರ ಅಪ್ಪಣೆ.

ಬಿಳಿಗಿರಿರಂಗನ ಬೆಟ್ಟ ನೋಡಿ. 1974ರಲ್ಲಿ ಅದು ವನ್ಯಜೀವಿ ಧಾಮ ಆಯ್ತು. ಮುಂದೆ ವನ್ಯಜೀವಿ ಕಾನೂನು ಬಿಗಿಯಾದಾಗ ಜೇನು, ಪಾಚಿ, ನೆಲ್ಲಿಕಾಯಿ ಸಂಗ್ರಹಿಸಿ ಮಾರೋದಕ್ಕೆ ನಿಷೇಧ ಬಂತು, ಅಲ್ಲಿನ ಬುಡಕಟ್ಟಾದ ಸೋಲಿಗರ ಕೈಗೆ ಬರ್ತಿದ್ದ ಕಾಸು ನಿಂತಿತು. 2011ರ ಜನವರಿಯಲ್ಲಿ ಹುಲಿ ಮೀಸಲು ಪ್ರದೇಶದ ಘೋಷಣೆ. ಅದೇ ವರ್ಷ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ತು. ಹುಲಿ ಮೀಸಲಿನೊಳಗೆ ಇಂಥ ಮಾನ್ಯತೆ ದೇಶದಲ್ಲೇ ಮೊದಲು. ಆಗಿನ್ನೂ ನಮೂನೆ ಸಿ ಇರಲಿಲ್ಲ, ಅದು ಬಂದಿದ್ದು 2012ರ ತಿದ್ದುಪಡಿಯಲ್ಲಿ. ಈಗ ಅರ್ಜಿ ಹಾಕೋರಿಗೆ ದಾರಿ ಇನ್ನೂ ಸಲೀಸಾಗಿದೆ.

ಹಾಗಿದ್ರೆ ಅರ್ಜಿ ಸೋಲೋದು ಎಲ್ಲಿ? ಬಹಳ ಸಲ ಮೊದಲ ಸಭೆಯಲ್ಲೇ. ಗ್ರಾಮಸಭೆಗೆ ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಜನ ಬಂದಿರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಪಂಚಾಯಿತಿ ಮಟ್ಟದಲ್ಲಿ 4,000 ವಯಸ್ಕರಿದ್ದರೆ 2,000 ಜನ ಸೇರಬೇಕು. ಎಲ್ಲಿ ಸಾಧ್ಯ? ಪೋಡಿನಲ್ಲಿ 120 ವಯಸ್ಕರಿದ್ದರೆ 60 ಜನ, ಅದರಲ್ಲಿ 20 ಹೆಂಗಸರು ಸಾಕು. ಪಟ್ಟಿಗೆ ಸೇರದ ಹಳೇ ವಸತಿ, ಅಳತೆಯಾಗದ ಹಳ್ಳಿ ಕೂಡ ಗ್ರಾಮವೇ ಅಂತ ಕಾಯ್ದೆಯ ವ್ಯಾಖ್ಯಾನದಲ್ಲೇ ಇದೆ. ಆದ್ದರಿಂದ ಸಭೆ ಪೋಡಿನಲ್ಲೇ ನಡೀಬೇಕು ಅಂತ ಪಂಚಾಯಿತಿಗೆ ಲಿಖಿತವಾಗಿ ಕೇಳಿ. ನಡಾವಳಿ ಪುಸ್ತಕದ ಮೊದಲ ಸಾಲು ಹೀಗಿರಲಿ: ಒಟ್ಟು ಸದಸ್ಯರು ಇಷ್ಟು, ಹಾಜರಾದವರು ಇಷ್ಟು, ಮಹಿಳೆಯರು ಇಷ್ಟು. ಸಹಿ, ಹೆಬ್ಬೆಟ್ಟು ಅದೇ ದಿನ, ಅದೇ ಪುಟದಲ್ಲಿ. ನಿರ್ಣಯಕ್ಕೂ ಮೊದಲ ಸಹಿಗೂ ನಡುವೆ ಖಾಲಿ ಜಾಗ ಬಿಟ್ಟರೆ ಆಮೇಲೆ ಯಾರೋ ಏನೋ ಸೇರಿಸಿದ್ದಾರೆ ಅನ್ನೋ ತಕರಾರು ಹುಟ್ಟುತ್ತೆ. ಒಂದು ಗೆರೆ ಎಳೆದು ಮುಚ್ಚಿಬಿಡಿ. ಆ ಸಭೆಯಲ್ಲೇ 10ರಿಂದ 15 ಜನರ ಅರಣ್ಯ ಹಕ್ಕು ಸಮಿತಿ ಆಗಬೇಕು. ಬುಡಕಟ್ಟು ಜನ ಇರೋ ಕಡೆ ಮೂರರಲ್ಲಿ ಎರಡು ಭಾಗ ಅವರೇ.

ಇನ್ನು ನಕ್ಷೆ. ಅರ್ಜಿಯ ಜೀವ ಇರೋದೇ ಇಲ್ಲಿ. ಇದು ಈಗಿರೋ ಕಾನೂನಿನ ಗಡಿಗಳಿಗೆ ಹೊಂದಬೇಕಾಗಿಲ್ಲ ಅಂತ ನಮೂನೆ ಸಿಯಲ್ಲೇ ಅಚ್ಚಾಗಿದೆ. ಆದರೂ ಎಷ್ಟೋ ಕಡೆ ಅರಣ್ಯ ಇಲಾಖೆ ಗಸ್ತಿಗೆ ಬಳಸೋ ಬೀಟ್ ನಕ್ಷೆಯನ್ನೇ ಪಡಿಯಚ್ಚು ಮಾಡಿ ಲಗತ್ತಿಸ್ತಾರೆ, ಹೆಜ್ಜೇನಿನ ಬಂಡೆ ಆಚೆ ಉಳಿದುಬಿಡುತ್ತೆ. ಸೋಲಿಗರಲ್ಲಿ ಕುಲಕ್ಕೊಂದು ಯೆಲ್ಲೆ, ಅಂದ್ರೆ ಆ ಕುಲದ ಕಾಡಿನ ಎಲ್ಲೆ. ಯೆಲ್ಲೆಯೊಳಗೆ ದೇವರು, ಮಾರಮ್ಮ, ವೀರು ಅನ್ನೋ ದೈವ, ಸತ್ತವರ ಕಲ್ಲಿಡೋ ಕಲ್ಲುಗುಡಿ, ನೀರಿನ ಜಾಗವಾದ ಅಬ್ಬಿ. ಕಾಗದ ಹುಟ್ಟೋಕೆ ಮುಂಚಿನ ಗಡಿ ಅದು.

ಹಾಗಾಗಿ ಮೊದಲು ಅಂಗಳದಲ್ಲಿ ಬೂದಿಯಲ್ಲೋ ರಂಗೋಲಿ ಪುಡಿಯಲ್ಲೋ ಕಾಡು ಬರೀರಿ. ಹಿರಿಯರು ಹಳ್ಳ ಎಳೀಲಿ, ಕಲ್ಲಿಟ್ಟು ದೇವರ ಜಾಗ ತೋರಿಸ್ಲಿ. ಹೆಂಗಸರನ್ನ ಬೇರೆಯಾಗಿ ಕೂರಿಸಿ ಕೇಳಿ: ಗೆಣಸಿನ ಜಾಡು, ಸೊಪ್ಪಿನ ಜಾಡು ಅವರಿಗೇ ಗೊತ್ತು, ಗಂಡಸರ ನಕ್ಷೆಯಲ್ಲಿ ಅದು ಬಿಟ್ಟುಹೋಗುತ್ತೆ. ಆಮೇಲೆ ಫೋನಿನ ಜಿಪಿಎಸ್ ಹಿಡಿದು ಗಡಿ ನಡೀರಿ. ಸುಲಭ ಅಂತ ರಸ್ತೆ ಹಿಡಿದರೆ ಗಡಿಯೇ ಒಳಗೆ ಸರಿಯುತ್ತೆ. ಹಳ್ಳ ಕೂಡೋ ಜಾಗ, ಬಂಡೆ, ಕಲ್ಲುಗುಡಿ, ಹೀಗೆ ಗುರುತಿನ ಜಾಗದಲ್ಲೇ ಬಿಂದು ಹಾಕಿ, ಬಿಂದುವಿನ ಸಂಖ್ಯೆಯ ಪಕ್ಕ ಸ್ಥಳದ ಹೆಸರು ಬರೀರಿ. ಪಕ್ಕದ ಪೋಡಿನ ಇಬ್ಬರು ಹಿರಿಯರನ್ನ ಜೊತೆಗೆ ಕರ್ಕೊಂಡು ಹೋಗಿ. ಇಬ್ಬರೂ ಬಳಸೋ ಜಾಗ ಇದ್ದರೆ ಎರಡೂ ಸಮಿತಿ ಒಟ್ಟಿಗೆ ಕೂತು ಬರೆದುಕೊಳ್ಳಬೇಕು. ಅಲ್ಲಿ ಬಗೆಹರಿಯದಿದ್ದರೆ ಮಾತ್ರ ಗ್ರಾಮಸಭೆಯ ಮೇಲಿನ ಹಂತವಾದ ಉಪವಿಭಾಗ ಮಟ್ಟದ ಸಮಿತಿಗೆ.

ಸಾಕ್ಷ್ಯ ಎರಡಿದ್ದರೆ ಸಾಕು, ಅದರಲ್ಲಿ ಹಿರಿಯರ ಲಿಖಿತ ಹೇಳಿಕೆಯೂ ಒಂದು. ಆದ್ರೆ "ಅನಾದಿ ಕಾಲದಿಂದ ಇದ್ದೇವೆ" ಅಂತ ಬರೆದರೆ ಹೇಳಿಕೆಗೆ ತೂಕ ಇರಲ್ಲ. ಯಾವ ಅಬ್ಬಿಯ ಪಕ್ಕದ ಕಲ್ಲುಗುಡಿ, ಅಲ್ಲಿ ಯಾರ ಯಾರ ಕಲ್ಲಿದೆ, ಎಷ್ಟು ತಲೆಮಾರು, ಇಷ್ಟು ಬರೀಬೇಕು. ಇಂಥದ್ದೇ ದಾಖಲೆ ತನ್ನಿ ಅಂತ ಯಾವ ಸಮಿತಿಯೂ ಹಟ ಹಿಡಿಯೋ ಹಾಗಿಲ್ಲ. ಉಪಗ್ರಹ ಚಿತ್ರ ಪೂರಕ ಅಷ್ಟೇ, ಬೇರೆ ಸಾಕ್ಷ್ಯದ ಬದಲಿಗೆ ಅದನ್ನೇ ಹಿಡಿದು ಕೂರೋಕೆ ಬರಲ್ಲ.

ಸ್ಥಳ ಪರಿಶೀಲನೆಗೆ ಅರಣ್ಯ, ಕಂದಾಯ ಇಲಾಖೆಯವರು ಬಂದು ಸಹಿ ಹಾಕಬೇಕು. ಬರದೇ ಇದ್ದರೆ? ನೋಟಿಸಿನ ಸ್ವೀಕೃತಿ ಪ್ರತಿ ಜೋಪಾನ ಮಾಡಿ. ನಾವಿರಲಿಲ್ಲ ಅಂತ ಆಮೇಲೆ ಆಕ್ಷೇಪ ಎತ್ತಿದರೆ ಅರ್ಜಿ ಮರುಪರಿಶೀಲನೆಗೆ ಗ್ರಾಮಸಭೆಗೇ ವಾಪಸ್ ಬರುತ್ತೆ. ಎರಡನೇ ಸಲವೂ ಬರದಿದ್ದರೆ ಗ್ರಾಮಸಭೆಯ ತೀರ್ಮಾನವೇ ಅಂತಿಮ. 12ಎ ನಿಯಮದ ಈ ಸಾಲು ಪ್ರತಿ ಹಾಡಿಯ ಗೋಡೆ ಮೇಲೆ ಇರಬೇಕು ಅನ್ನೋದು ನನ್ನ ಆಸೆ. ನಿರ್ಣಯ ಅಪೂರ್ಣ ಅನ್ನಿಸಿದರೂ ಮೇಲಿನ ಸಮಿತಿಗಳು ಅದನ್ನ ವಜಾ ಮಾಡೋ ಹಾಗಿಲ್ಲ, ಲಿಖಿತ ಕಾರಣ ಕೊಟ್ಟು ಹಿಂದಿರುಗಿಸಬೇಕು. ಬೇರೆ ಕಾರಣಕ್ಕೆ ವಜಾ ಆದರೆ ಅರ್ಜಿದಾರರಿಗೆ ಖುದ್ದಾಗಿ ತಿಳಿಸಬೇಕು. ಮೇಲ್ಮನವಿಗೆ 60 ದಿನ.

ಇನ್ನೊಂದು ಅಸ್ತ್ರ 12ಬಿ ನಿಯಮ. ಕಾಡುವಾಸಿಗಳಿರೋ ಎಲ್ಲಾ ಹಳ್ಳಿಗಳಲ್ಲೂ ಸಮುದಾಯ ಅರಣ್ಯ ಸಂಪನ್ಮೂಲ ಹಕ್ಕು ಮಾನ್ಯವಾಗೋ ಹಾಗೆ ನೋಡಿಕೊಳ್ಳೋ ಹೊಣೆ ಜಿಲ್ಲಾ ಮಟ್ಟದ ಸಮಿತಿಯದು. ಆಗದ ಹಳ್ಳಿಗೆ ಕಾರಣ ದಾಖಲಿಸಬೇಕು. ಆ ದಾಖಲೆಯ ಪ್ರತಿಯನ್ನ ಆರ್‌ಟಿಐನಲ್ಲಿ ಕೇಳಿ.

ಹಕ್ಕುಪತ್ರ ಕೈಗೆ ಬಂದ ಮೇಲೂ ತೊಡಕು ಇದ್ದೇ ಇದೆ. ಮಹಾರಾಷ್ಟ್ರದ ಗಡಚಿರೋಲಿಯ ಮೆಂಢಾ ಲೇಖಾ ಹಳ್ಳಿಗೆ 2009ರಲ್ಲೇ ಹಕ್ಕು ಬಂತು. ಕಾಯ್ದೆಯಲ್ಲಿ ಬಿದಿರು ಕಿರು ಅರಣ್ಯ ಉತ್ಪನ್ನವೇ, ಅಂದ್ರೆ ಹಳ್ಳಿಯವರು ಕಡಿದು ಮಾರಬಹುದು. ಆದ್ರೆ ಸಾಗಾಣಿಕೆ ಪಾಸ್ ಇಲ್ಲದೆ ಕೊಳ್ಳೋರು ಹೇಗೆ ಲಾರಿ ತುಂಬಿಸ್ತಾರೆ? ಪಾಸ್ ಪುಸ್ತಕ ಗ್ರಾಮಸಭೆಯ ಕೈ ಸೇರಿದ್ದು 2011ರ ಏಪ್ರಿಲ್‌ನಲ್ಲಿ. 2012ರ ತಿದ್ದುಪಡಿ ಆದ ಮೇಲೆ ಈ ಪಾಸ್ ಕೊಡೋ ಅಧಿಕಾರ ಗ್ರಾಮಸಭೆ ನೇಮಿಸೋ ಸಮಿತಿಗೇ ಇದೆ, ರಾಯಧನವೂ ಇಲ್ಲ, ಶುಲ್ಕವೂ ಇಲ್ಲ.

ನಿರ್ವಹಣಾ ಯೋಜನೆ ಬರೆಯೋದೂ ಇದೇ ಸಮಿತಿ. ಅದನ್ನ ಇಲಾಖೆಯ ಭಾಷೆಯಲ್ಲಿ ಬರೀಬೇಡಿ. ಯಾವ ಇಳಿಜಾರಿನಲ್ಲಿ ಲಂಟಾನ ಕಳೆ ಮೊದಲು ಕೀಳಬೇಕು, ಹೆಜ್ಜೇನಿನ ತಟ್ಟಿಯಲ್ಲಿ ಎಷ್ಟು ಬಿಟ್ಟು ಬರಬೇಕು, ಕೊಂಬೆ ಕಡಿಯದೆ ನೆಲ್ಲಿ ಕೊಯ್ಯೋದು ಹೇಗೆ, ಇದೆಲ್ಲ ಇರಲಿ. ತರಗು ಬೆಂಕಿ, ಅಂದ್ರೆ ಒಣ ಎಲೆಗೆ ಹಚ್ಚೋ ಸಣ್ಣ ಬೆಂಕಿ, ನಿಂತ ಮೇಲೆ ನೆಲ್ಲಿ ಮರಕ್ಕೆ ಉಪ್ಪಿಲು ಅನ್ನೋ ಪರಾವಲಂಬಿ ಗಿಡ ಹತ್ತೋದು ಹೆಚ್ಚಾಯ್ತು ಅಂತ ಸೋಲಿಗ ಹಿರಿಯರು ಹೇಳ್ತಾ ಬಂದಿದ್ದಾರೆ. ಆ ಮಾತು ಯೋಜನೆಯ ಮೊದಲ ಪುಟದಲ್ಲೇ ಬರಲಿ.